ಬೇಡ ಎನ್ನುವ ಅಧಿಕಾರ

ಊಟದ ನಡುವೆ ನಾದಿನಿಯ ಫೋನು ಟಿಂಗ್ ಎಂದಿತು. ಅವಳು ಎಡಗೈಯಲ್ಲಿ ಅದನ್ನೆತ್ತಿ ಓದಿ, ತುಟಿಯಂಚಿನಲ್ಲೇ ನಕ್ಕು, ಹೆಬ್ಬೆರಳಿನಿಂದ ಏನೋ ಬರೆದು, ತಟ್ಟೆಯ ಪಕ್ಕ ಬೋರಲು ಹಾಕಿಟ್ಟಳು. ಮರುಕ್ಷಣವೇ ಟೀವಿ ಕೋಣೆಯಿಂದ ಮಗಳು ಕಿಲಕಿಲ ನಕ್ಕದ್ದು ಕೇಳಿಸಿತು.

"ಏನಂತೆ ಅವಳದು?" ಎಂದಳು ಅಮ್ಮ, ತನಗೇನೂ ಬೇಕಿಲ್ಲದವಳ ಹಾಗೆ.

"ಏನಿಲ್ಲ ಬಿಡಿ ಅತ್ತಿಗೆ. ನಮ್ಮಿಬ್ಬರ ವ್ಯವಹಾರ."

ಅಮ್ಮನ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. ಇವರಿಬ್ಬರ ವ್ಯವಹಾರವಂತೆ. ಹೊತ್ತು ಹೆತ್ತವಳು ಮಾತ್ರ ಪಕ್ಕದಲ್ಲಿ ನೀರು ಬಗ್ಗಿಸುತ್ತ ಕೂರಬೇಕು.

ತಪ್ಪು ತನ್ನದೇ ಎಂದು ಅಮ್ಮನಿಗೆ ಗೊತ್ತಿತ್ತು. ಹೊಸ ಟೀವಿ ಬಂದ ದಿನ ಅದಕ್ಕೆ ಮಕ್ಕಳ ಬೀಗ ಹಾಕಬೇಕು ಎಂಬ ಮಾತು ಬಂದಾಗ, ಕೈಯಲ್ಲಿದ್ದ ಬಟಾಣಿ ಬಿಡಿಸುತ್ತ, "ನನಗೆ ಅದೆಲ್ಲ ತಲೆಗೆ ಹೋಗಲ್ಲ, ನೀನೇ ಮಾಡಮ್ಮ" ಎಂದಿದ್ದು ಅವಳೇ. ನಾದಿನಿ ಮಾಡಿದಳು. ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸ ಅವಳದು, ಇಂಥದ್ದೆಲ್ಲ ಬೆರಳ ತುದಿಯಲ್ಲಿತ್ತು. ಅಂದಿನಿಂದ ಮಗಳಿಗೆ ವಯಸ್ಸು ಮೀರಿದ ಕಾರ್ಯಕ್ರಮ ಬೇಕಾದರೂ, ಆಟಕ್ಕೆ ಇನ್ನಷ್ಟು ಹೊತ್ತು ಬೇಕಾದರೂ, ಅರ್ಜಿ ಹೋಗುತ್ತಿದ್ದದ್ದು ಅವಳ ಈ ಅತ್ತೆಯ ಫೋನಿಗೆ. ಬಾಯಿ ಮುಚ್ಚಿದ್ದರೂ ಮೂಗಿನಲ್ಲೇ ಗುನುಗುತ್ತಿರುವ ಆ ಹುಡುಗಿಗೆ ಮನೆಯವರೆಲ್ಲ ಜೀರುಂಡೆ ಎನ್ನುತ್ತಿದ್ದರು. ಈಗ ಜೀರುಂಡೆಯ ಗುನುಗೆಲ್ಲ ಅತ್ತೆಯ ಕಿವಿಗೇ.

ಬಸ್ಸು ಓಡಿಸಿ ದಣಿದು ಬಂದ ಗಂಡನ ಹತ್ತಿರ ಅಮ್ಮ ಒಮ್ಮೆ ಹೇಳಿಯೂ ನೋಡಿದಳು. "ಅದನ್ನ ನನ್ನ ಫೋನಿಗೆ ಹಾಕಿಸಿ."

"ಸುಖವಾಗಿದ್ದೀಯ, ಯಾಕೆ ತಲೆನೋವು ಕರೆದು ಮನೆಯೊಳಗೆ ಕೂರಿಸ್ಕೋತೀಯ?" ಎಂದು ಅವನು ಮಗ್ಗುಲು ಬದಲಿಸಿದ.

ಅಮ್ಮನ ಕೆಲಸ ಕನ್ನಡಕದಂಗಡಿಯ ಹಿಂಭಾಗದಲ್ಲಿ. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲಾದ ತಿರುಪು ಬಿಗಿಯುವುದು. ಆ ಊಟದ ಮಾರನೆಯ ದಿನ ದಪ್ಪ ಗಾಜಿನ ಕನ್ನಡಕದ ಹುಡುಗನೊಬ್ಬನನ್ನು ಅವನ ತಾಯಿ ರಟ್ಟೆ ಹಿಡಿದು ಎಳೆತಂದಳು. ಕನ್ನಡಕದ ಒಂದು ಕಾಲು ಮುರಿದಿತ್ತು.

"ಆಟ ಸಾಕು ಅಂದೆ. ಎತ್ತಿ ಎಸೆದ," ಎಂದಳು ಆ ತಾಯಿ. "ದಿನಾ ಇದೇ ರಾಮಾಯಣ. ನನ್ನ ಮುಖ ಕಂಡರೆ ಸಾಕು, ಜಗಳಕ್ಕೆ ನಿಲ್ತಾನೆ. ನಿಮ್ಮನೇಲೂ ಹೀಗೇನಾ?"

"ಹ್ಞೂಂ, ಎಲ್ಲ ಮನೇಲೂ ಇದ್ದದ್ದೇ," ಎಂದಳು ಅಮ್ಮ.

ಸುಳ್ಳು. ತನ್ನ ಮನೆಯಲ್ಲಿ ತನ್ನೊಡನೆ ಜಗಳಕ್ಕೆ ನಿಲ್ಲುವವರೇ ಇರಲಿಲ್ಲ. ಮುರಿದ ಕಾಲು ಬದಲಿಸುವಾಗ ಅವಳಿಗೆ ಆ ಹೆಂಗಸಿನ ಮೇಲೂ ಹೊಟ್ಟೆ ಉರಿಯಿತು. ಕನ್ನಡಕ ಎಸೆಯುವಷ್ಟಾದರೂ ಅವಳ ಮಾತು ಮಗನಿಗೆ ನಾಟಿದೆಯಲ್ಲ.

ಅಂದು ಬೇಗ ಮನೆಗೆ ಬಂದಾಗ ಯಾರೂ ಇರಲಿಲ್ಲ. ಬೀಗವನ್ನು ತಾನೇ ತನ್ನ ಹೆಸರಿಗೆ ಮಾಡಿಕೊಳ್ಳಲು ಅಮ್ಮ ಚಪ್ಪಲಿ ಬಿಟ್ಟವಳೇ ರಿಮೋಟು ಹಿಡಿದಳು. ಟೀವಿಯ ತೆರೆಯ ಮೇಲೆ ಮನೆಯವರೆಲ್ಲರ ಚಿತ್ರಗಳು ಸಾಲಾಗಿದ್ದವು. ತನ್ನದನ್ನು ಒತ್ತಿ, ಬೀಗದ ಚಿತ್ರ ಹುಡುಕಿ ಅದನ್ನೂ ಒತ್ತಿದಳು. ಹುಟ್ಟಿದ ವರ್ಷ ಯಾವುದು ಎಂದಿತು ಟೀವಿ. ಬೀಗ ಮಗುವಿಗಲ್ಲವೇ, ಮಗಳದನ್ನು ತುಂಬಿದಳು. ಸರಿ ಎಂದಿತು. ಗೆದ್ದೆ ಎಂದುಕೊಂಡು ಸೋಫಾಕ್ಕೆ ಒರಗಿ ತನ್ನ ಧಾರಾವಾಹಿ ಹಾಕಿದಳು.

'ಈ ಕಾರ್ಯಕ್ರಮ ನಿಮ್ಮ ವಯಸ್ಸಿಗೆ ತಕ್ಕದ್ದಲ್ಲ' ಎಂದಿತು ಟೀವಿ.

ಸುದ್ದಿ ಹಾಕಿದಳು. ಅದೂ ತಕ್ಕದ್ದಲ್ಲ. ಮಾತಾಡುವ ಮೊಲಗಳಿದ್ದ ಕಾರ್ಯಕ್ರಮವೊಂದು ಮಾತ್ರ ತಕ್ಕದ್ದಾಗಿತ್ತು. ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿದಳು. ಕೊನೆಗೆ ತೆರೆಯ ಮೇಲೆ ಮೂಡಿತು: 'ನಿಮ್ಮ ಕೋರಿಕೆಯನ್ನು ಹಿರಿಯರಿಗೆ ಕಳುಹಿಸಲಾಗಿದೆ.'

ಆ ಹಿರಿಯರು ಸಂಜೆ ನಗು ತಡೆಯಲಾರದೆ ಬಾಗಿಲಲ್ಲೇ ಗೋಡೆ ಹಿಡಿದು ನಿಂತರು.

"ಅತ್ತಿಗೆ, ಬಾಯಿ ಊದಿಸ್ಕೊಂಡ ಅಜ್ಜನಿಗೆ ಚೀಟಿ ಬರೀತಿದ್ದೆ. ಟಿಂಗ್ ಅಂತು. ನೋಡ್ತೀನಿ, ನಮ್ಮತ್ತಿಗೆ ಧಾರಾವಾಹಿ ನೋಡೋಕೆ ನನ್ನ ಅಪ್ಪಣೆ ಕೇಳ್ತಿದ್ದಾರೆ. ಹೋಮ್‌ವರ್ಕ್ ಮುಗಿಸಿದ್ರಾ?"

ಅಮ್ಮ ನಗಲಿಲ್ಲ. ಒರೆಸಿದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸಿದಳು. ನಾದಿನಿಯ ನಗು ಇಳಿಯಿತು.

"ಏನಾಯ್ತು ಅತ್ತಿಗೆ?"

"ಏನೂ ಆಗಿಲ್ಲ. ಎಲ್ಲದಕ್ಕೂ ನಿನ್ನನ್ನೇ ಕೇಳ್ತಾಳೆ. ನನ್ನ ಹತ್ರ ಬಂದು ಕೇಳೋದು ಸಾಕ್ಸ್ ಎಲ್ಲಿ ಅಂತ ಮಾತ್ರ."

ನಾದಿನಿ ಸೋಫಾದಲ್ಲಿ ಕೂತು ತನ್ನದೂ ಅತ್ತಿಗೆಯದೂ ಎರಡೂ ಫೋನುಗಳನ್ನು ಮಡಿಲಲ್ಲಿಟ್ಟುಕೊಂಡು ಬದಲಾವಣೆ ಮಾಡಿದಳು. "ತಗೊಳ್ಳಿ. ಇನ್ನು ನಿಮಗೇ ಬರುತ್ತೆ," ಎಂದು ಕೊಟ್ಟು, ಬಟ್ಟೆ ಬದಲಿಸಲು ಹೋದಳು.

ಮಾರನೆಯ ದಿನವಿಡೀ ಫೋನು ಅಂಗಡಿಯ ಮೇಜಿನ ಮೇಲೆ ಮೂಕನಂತೆ ಬಿದ್ದಿತ್ತು. ಹುಡುಗಿ ಈಗಲೂ ಅತ್ತೆಯ ಹಿಂದೆಯೇ ಸುತ್ತುತ್ತಿರಬೇಕು, ಬಾಯಲ್ಲೇ ಕೇಳುತ್ತಿರಬೇಕು ಎಂದು ಅಮ್ಮ ಒಳಗೊಳಗೇ ಬೆಂದಳು. ಅದರ ಮರುದಿನ ಶಾಲೆ ಬಿಟ್ಟ ಹೊತ್ತಿಗೆ ಟಿಂಗ್ ಎಂದಿತು. ಕೈಯಲ್ಲಿದ್ದ ಗಾಜು ಜಾರುವುದರಲ್ಲಿತ್ತು.

ದೆವ್ವದ ಸಿನಿಮಾ. ಹದಿಮೂರು ದಾಟಿದವರಿಗೆ. ಕೆಳಗೆ ಮಗಳು ಬರೆದಿದ್ದಳು: 'ಕ್ಲಾಸಲ್ಲಿ ಎಲ್ಲರೂ ನೋಡಿದ್ದಾರೆ. ಪ್ಲೀಸ್ ಅಮ್ಮ.'

ಆ ಅಮ್ಮ ಎಂಬ ಪದವನ್ನು ಅವಳು ಮತ್ತೆ ಮತ್ತೆ ಓದಿದಳು. ಹ್ಞೂಂ ಎಂದರೆ ಸಾಕು, ಅತ್ತೆಗಿಂತ ಅಮ್ಮನೇ ವಾಸಿ ಎನಿಸಿಕೊಳ್ಳಬಹುದು. ಬೆರಳು ಹಸಿರು ಗುಂಡಿಯ ಮೇಲೆ ಹೋಯಿತು ಕೂಡ. ಆದರೆ ಗುಡುಗಿದರೆ ಹೆತ್ತವರ ಹಾಸಿಗೆಯ ಕಾಲ್ದೆಸೆಗೆ ಬಂದು ಮುದುಡಿಕೊಳ್ಳುವ ಹುಡುಗಿ ಅದು. ಅವಳನ್ನು ಗೆಲ್ಲಲು ಅವಳನ್ನೇ ಹೆದರಿಸುವುದೇ? ಅಮ್ಮ ಕೆಂಪು ಗುಂಡಿ ಒತ್ತಿದಳು. ಮುಗಿಯಿತು, ಇನ್ನು ಮಗಳು ತನ್ನ ಮುಖ ಕೂಡ ನೋಡುವುದಿಲ್ಲ.

ಮನೆಗೆ ಬಂದಾಗ ಜೀರುಂಡೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಮೂಗಿನ ತುದಿ ಕೆಂಪಗಿತ್ತು.

"ಯಾಕೆ ಬೇಡ ಅಂದೆ?"

"ಅತ್ತೆ ಆಗಿದ್ರೆ ಹ್ಞೂಂ ಅಂತಿದ್ಲು, ಅಲ್ವಾ?" ಎಂದಳು ಅಮ್ಮ.

"ಇಲ್ಲ. ಅವಳೂ ಬೇಡ ಅಂತಲೇ ಹೇಳೋದು. ಯಾವಾಗಲೂ." ಹುಡುಗಿ ಮೂಗೊರೆಸಿಕೊಂಡಳು. "ಆದ್ರೆ ಯಾಕೆ ಅಂತ ಬರೀತಾಳೆ. ನಾನು ತಿರುಗಿ ಬರೀತೀನಿ. ಅವಳು ಮತ್ತೆ ಬರೀತಾಳೆ. ನೀನು ಸುಮ್ನೆ ಗುಂಡಿ ಒತ್ತಿಬಿಟ್ಟೆ."

ಅಮ್ಮ ಚೀಲ ಕೆಳಗಿಟ್ಟಳು. ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಸರಿ. ಈಗ ಹೇಳ್ತೀನಿ. ಗುಡುಗಿದಾಗ ಎಲ್ಲಿ ಮಲಗ್ತೀಯ?"

"ಅದು ಬೇರೆ. ಗುಡುಗು ನಿಜ. ದೆವ್ವ ಸುಳ್ಳು."

"ಸುಳ್ಳಾದ್ರೆ ಹೆದರಿಕೆ ಯಾಕೆ ಆಗುತ್ತೆ?"

"ಆಗಲ್ಲ."

"ಹಾಗಾದ್ರೆ ನೋಡಿ ಏನು ಮಜಾ?"

ಹುಡುಗಿ ಯೋಚಿಸಿದಳು. ಉತ್ತರಕ್ಕೆ ಹೊಂಚು ಹಾಕುತ್ತಲೇ ಬಂದು ಪಕ್ಕದಲ್ಲಿ, ಮೊಣಕೈ ಅಮ್ಮನ ತೊಡೆಗೂರಿ ಕೂತಳು. "ನೀನು ಪಕ್ಕದಲ್ಲಿ ಕೂತು, ಶಬ್ದ ಕಮ್ಮಿ ಮಾಡಿ ನೋಡಿದ್ರೆ?" ಎಂದು ವ್ಯಾಪಾರ ಶುರುಮಾಡಿದಳು. ಅಮ್ಮ ಅದಕ್ಕೂ ಬೇಡ ಎಂದಳು. ಯಾಕೆ ಎಂದೂ ಹೇಳಿದಳು. ಹುಡುಗಿ ಅದಕ್ಕೊಂದು ತಕರಾರು ತೆಗೆದಳು.

ಆ ಹೊತ್ತಿಗೆ ನಾದಿನಿ ಕೆಲಸದಿಂದ ಬಂದಳು. ಬಾಗಿಲಲ್ಲಿ ಇಬ್ಬರನ್ನೂ ಕಂಡು ನಿಂತಳು. ಕೈಯಲ್ಲಿದ್ದ ಫೋನನ್ನೊಮ್ಮೆ ನೋಡಿ, ಹೆಬ್ಬೆರಳಿನಿಂದ ಅದರ ಗಾಜನ್ನು ಸವರಿ, ಚೀಲದೊಳಗೆ ಹಾಕಿದಳು. ಮುಖದಲ್ಲಿ ನಗುವಿತ್ತು, ಆದರೆ ಬರಿಯ ತುಟಿಯಲ್ಲಿ.

"ಏನದು, ಅಷ್ಟೊಂದು ಮಾತು?" ಎಂದಳು, ತನಗೇನೂ ಬೇಕಿಲ್ಲದವಳ ಹಾಗೆ.

ಆ ದನಿ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೊಸ್ತಿಲಲ್ಲಿ ಇನ್ನೊಬ್ಬರಿಗೆ ಜಾಗವೂ ಇತ್ತು. ಬಾ, ನೀನೂ ಕೂತ್ಕೋ ಎನ್ನಬೇಕು ಎಂದುಕೊಂಡಳು, ಎನ್ನುವವಳೇ ಇದ್ದಳು. ಮಗಳ ಮೊಣಕೈ ಇನ್ನೂ ತೊಡೆಯ ಮೇಲೆ ಬೆಚ್ಚಗಿತ್ತು.

ಒಂದು ಗಳಿಗೆ ಅದನ್ನು ತನಗೇ ಇಟ್ಟುಕೊಂಡು, ಆಮೇಲೆ ನಾದಿನಿಯನ್ನು ಕರೆದಳು.