ತೆಂಗಿನಕಾಯಿ ಒತ್ತಿದ ಗುಂಡಿ

ಒಂದಾನೊಂದು ಊರಲ್ಲಿ ಒಂದು ಕಂಪ್ಯೂಟರ್ ಇತ್ತು. ಊರು ಅಂಕೋಲೆ. ಬಹಳ ಹಿಂದಿನ ಮಾತೇನಲ್ಲ, ಹೋದ ದಸರೆಯದ್ದು. ಆದರೂ ಕಥೆಯೆಂದ ಮೇಲೆ ಒಂದಾನೊಂದು ಎಂದೇ ಹೊರಡಿಸಬೇಕು, ಇಲ್ಲದಿದ್ದರೆ ಅದು ಹೊಸಿಲು ದಾಟುವುದಿಲ್ಲ ಎಂದು ಗೋದಾವರಿ ಅಜ್ಜಿ ಹೇಳುತ್ತಿದ್ದಳು.

ಕಂಪ್ಯೂಟರ್ ಇದ್ದದ್ದು ಅಜ್ಜಿಯ ಮೊಮ್ಮಗಳು ನಿಶಾಳ ಅಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಶಟರಿನ ಜಾಗ. ಝೆರಾಕ್ಸು, ಪ್ರಿಂಟು, ಆನ್‌ಲೈನ್ ಅರ್ಜಿ, ಇಷ್ಟೇ ಅಲ್ಲಿಯ ಕಸುಬು. ಗಿರಾಕಿ ಇಲ್ಲದಾಗ ನಿಶಾ ಪ್ರಿಂಟರಿನ ಹಸಿರು ದೀಪವನ್ನೇ ನೋಡುತ್ತ, ಅದು ಯಾವ ರಾಕ್ಷಸನ ಕಣ್ಣಿರಬಹುದು, ಅವನ ಪ್ರಾಣ ಯಾವ ಗಿಳಿಯಲ್ಲಿರಬಹುದು ಎಂದು ಯೋಚಿಸುತ್ತಿದ್ದಳು. ಬಂದವರು ಎರಡು ಸಲ ಕೆಮ್ಮಿದ ಮೇಲೆಯೇ ಅವಳು ಗಿಳಿಯನ್ನು ಬಿಟ್ಟು ಕುರ್ಚಿಗೆ ಮರಳುವುದು.

ತಪ್ಪು ಅವಳದ್ದಲ್ಲ, ಅಜ್ಜಿ ಸಾಕಿದ್ದೇ ಹಾಗೆ. ಅಜ್ಜಿಯ ಕಥೆಗೆ ಒಂದು ಕಾನೂನು ಇತ್ತು. ಕೇಳುವವರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ಅಲ್ಲಿಗೇ ನಿಂತಿತು. ಒಮ್ಮೆ ನಿಶಾಗೆ ನಿದ್ದೆ ಬಂದು, ಬಾವಿಗಿಳಿದ ರಾಜಕುಮಾರನೊಬ್ಬ ಮೂರು ದಿನ ಹಗ್ಗದಲ್ಲೇ ನೇತಾಡಿಕೊಂಡಿದ್ದ. ನಾಲ್ಕನೇ ದಿನ ಅಜ್ಜಿ ಮನಸ್ಸು ಮಾಡಿ ಅವನನ್ನು ಮೇಲೆತ್ತಿದಳು. ಆ ಪಾಪದ ಹೆದರಿಕೆಗೆ ನಿಶಾಳ ಬಾಯಿ ಆಮೇಲೆ ಒಂದು ಹೂಂ ಕೂಡ ತಪ್ಪಿಸಲಿಲ್ಲ. ಬರಬರುತ್ತ ಬಾಯಿಯ ಅಭ್ಯಾಸ ಕೈಗೂ ಇಳಿಯಿತು. ಪರದೆಯ ಮೇಲೆ ಯಾವ ಚೌಕ ಎದ್ದು ಏನು ಕೇಳಿದರೂ, ಓದುವ ಮೊದಲೇ ಅವಳ ಬೆರಳು 'ಯೆಸ್' ಒತ್ತಿಬಿಡುತ್ತಿತ್ತು. ಹಾಗಾಗಿ ಆ ಕಂಪ್ಯೂಟರಿನಲ್ಲಿ ಐದು ದೇಶಗಳ ಹವಾಮಾನ ಬರುತ್ತಿತ್ತು. ಯಾರೂ ಆಡದ ಒಂದು ಇಸ್ಪೀಟಾಟ ದಿನಾ ಬೆಳಿಗ್ಗೆ ತಾನಾಗಿ ತೆರೆದುಕೊಂಡು ಎಲೆ ಹಂಚಿ ಕೂರುತ್ತಿತ್ತು.

ದಸರೆಯ ದಿನ ಅಂಗಡಿಯಲ್ಲಿ ಪೂಜೆ. ಅಜ್ಜಿ ಊರಿಂದ ದಾಸವಾಳ, ವೀಳ್ಯದೆಲೆ, ತೆಂಗಿನಕಾಯಿ ಹೊತ್ತು ಬಸ್ಸಿಳಿದಳು. ಪ್ರಿಂಟರಿಗೆ ಕುಂಕುಮವಾಯಿತು, ಕತ್ತರಿಗೆ ಗಂಧವಾಯಿತು, ಸ್ಟೇಪ್ಲರಿಗೂ ಒಂದು ಹೂವಾಯಿತು. ಕಂಪ್ಯೂಟರನ್ನು ಮಾತ್ರ ಚಾಲೂ ಮಾಡಿಯೇ ಇಡಬೇಕೆಂದು ಅಜ್ಜಿಯ ಹಟ, ಕಣ್ಣು ಮುಚ್ಚಿಕೊಂಡ ಆಯುಧಕ್ಕೆ ಮಂಗಳಾರತಿ ಎತ್ತಿ ಏನು ಪ್ರಯೋಜನ ಎಂದು. ನಿಶಾ ಚಾಲೂ ಮಾಡಿದಳು. ಅಜ್ಜಿ ಕೀಬೋರ್ಡಿನ ಬಲತುದಿಯ ಗುಂಡಿಗಳ ಮೇಲೆಯೇ ಒಂದು ಎಲೆ ಹಾಸಿ, ಅದರ ಮೇಲೆ ತೆಂಗಿನಕಾಯಿ ಕೂರಿಸಿ, ಮೂರು ಸಲ ತೀರ್ಥ ಚಿಮುಕಿಸಿದಳು.

ಆರತಿ ಅರ್ಧವಾಗುವಷ್ಟರಲ್ಲಿ ಯಂತ್ರ ಕುಂಯ್ ಎಂದಿತು. ಪರದೆಯ ಮೇಲೆ ಒಂದು ಚೌಕ ಎದ್ದಿತು. ದೇವರು ಒಪ್ಪಿದ ಎಂದು ಅಜ್ಜಿಯ ಮುಖ ಅರಳಿತು.

"ಏನೋ ಕೇಳ್ತದೆ ಮಗಾ, ಹೂಂ ಅನ್ನು."

ನಿಶಾ ಮೌಸಿನ ಮೇಲಿದ್ದ ಹೂವನ್ನು ಸರಿಸಿ 'ಯೆಸ್' ಒತ್ತಿದಳು. ಚೌಕ ಮಾಯವಾಯಿತು.

ಪ್ರಸಾದದ ಹೊತ್ತಿಗೆ ಸರಿಯಾಗಿ ಕಾಶಿ ಬಂದಳು. ಹಾರವಾಡದ ಮೀನುಗಾರ ರಾಮಾನ ಹೆಂಡತಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಬುಟ್ಟಿಯೊಡನೆ ಕಾರವಾರಕ್ಕೆ ಹೋಗಿ, ರಸ್ತೆಯ ಬದಿಗೆ ಒಂದು ಹರಕು ಕೊಡೆಯ ಕೆಳಗೆ ಕೂತು ಮೀನು ಮಾರುವವಳು. ಈಗ ಅಲ್ಲಿ ಹೊಸ ಮಾರುಕಟ್ಟೆ ಎದ್ದಿತ್ತು. ಮಾಡಿನ ಕೆಳಗೆ ಸಾಲಾಗಿ ಕಲ್ಲಿನ ಕಟ್ಟೆಗಳು, ಕಟ್ಟೆಕಟ್ಟೆಗೂ ನಲ್ಲಿ. ಕಟ್ಟೆ ಬೇಕಾದವರು ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಮರುದಿನ ಸಂಜೆ ಐದು ಗಂಟೆಗೆ ಕೊನೆ. ತಪ್ಪಿದರೆ ಮತ್ತೆ ಐದು ವರ್ಷ ಅದೇ ಬಿಸಿಲು, ಅದೇ ಕೊಡೆ. ಹಬ್ಬದ ದಿನ ಕೆಲಸ ಮಾಡುವಂತಿರಲಿಲ್ಲ. ನಿಶಾ ಪ್ರಸಾದದ ಕಾಯಿಚೂರನ್ನು ಅವಳ ಕೈಗಿಟ್ಟು, ನಾಳೆ ಐದರೊಳಗೆ ಅರ್ಜಿ ತಾನೇ ಕಳಿಸಿಕೊಡುವೆನೆಂದು ಮಾತು ಕೊಟ್ಟಳು. ಪ್ರಸಾದ ಹಿಡಿದು ಕೊಟ್ಟ ಮಾತು ತಪ್ಪಿದ ರಾಣಿಯೊಬ್ಬಳು ಹುಣಸೆಮರವಾದ ಕಥೆ ಅವಳಿಗೆ ಗೊತ್ತಿತ್ತು.

ಮರುದಿನ ಹತ್ತು ಗಂಟೆಗೆ ಕಾಶಿ ಕಾಗದಪತ್ರಗಳ ಚೀಲ ಹಿಡಿದು ಎದುರಿಗೆ ಕೂತಳು. ರಾತ್ರಿ ಊರಿಗೆ ಮರಳದೆ ಉಳಿದಿದ್ದ ಅಜ್ಜಿಯೂ ಬಾಗಿಲ ಬಳಿ ಎಲೆಯಡಿಕೆ ಹಾಕಿಕೊಂಡು ಕೂತಳು. ಅರ್ಜಿಯ ಪುಟ ತೆರೆಯಿತು. ನಿಶಾ ಟಕಟಕನೆ ಕಾಶಿಯ ಹೆಸರು ಹೊಡೆದಳು.

ಏನೂ ಬರಲಿಲ್ಲ.

ಮತ್ತೆ ಹೊಡೆದಳು. ಖಾಲಿ ಚೌಕದಲ್ಲಿ ಕಡ್ಡಿಯೊಂದು ಮಿಣಮಿಣ ಎನ್ನುತ್ತಿತ್ತು, ಅಷ್ಟೇ. ಮೌಸು ಓಡುತ್ತಿತ್ತು, ಪುಟಗಳು ತೆರೆಯುತ್ತಿದ್ದವು, ಅಕ್ಷರ ಮಾತ್ರ ಒಂದೂ ಇಲ್ಲ. ಬಂದ್ ಮಾಡಿ ಚಾಲೂ ಮಾಡಿದಳು. ಇಸ್ಪೀಟಾಟ ಎಂದಿನಂತೆ ಎಲೆ ಹಂಚಿತು, ಕೀಬೋರ್ಡು ಎಂದಿನಂತಾಗಲಿಲ್ಲ. ಸಿಟ್ಟು ಏರಿದ ಹಾಗೆ ಅವಳ ಬೆರಳು ಚುರುಕಾಯಿತು. ಬೆರಳು ಚುರುಕಾದ ಹಾಗೆ ಅದು ಇನ್ನಷ್ಟು ಕಿವುಡಾಯಿತು. ಶಾಪ ತಗುಲಿ ಮಾತು ಬಿಟ್ಟ ರಾಜಕುಮಾರ ಎಂದು ನಿಶಾಗೆ ಒಂದು ಗಳಿಗೆ ಅನುಕಂಪವೂ ಹುಟ್ಟಿತು.

ಇದು ದೃಷ್ಟಿಯೇ ಎಂದಳು ಅಜ್ಜಿ. ನಿನ್ನೆ ಪೂಜೆಗೆ ಬಂದವರೆಲ್ಲ ಹೊಟ್ಟೆಕಿಚ್ಚಿನಿಂದ ನೋಡಿದ್ದನ್ನು ತಾನು ಕಂಡಿದ್ದೇನೆ ಎಂದಳು. ಬಂದವರು ಕಾಶಿ ಒಬ್ಬಳೇ ಎಂದು ನಿಶಾ ನೆನಪಿಸಿದರೂ ಕೇಳದೆ, ಉಪ್ಪು ಮೆಣಸು ತರಿಸಿ ಕೀಬೋರ್ಡಿಗೆ ಮೂರು ಸುತ್ತು ನಿವಾಳಿಸಿ ಸುಟ್ಟಳು. ಮೆಣಸಿನ ಹೊಗೆಗೆ ಮೂವರೂ ಕೆಮ್ಮಿದರು. ಕೀಬೋರ್ಡು ಮಿಸುಕಲಿಲ್ಲ.

ಕೊನೆಗೆ ನಿಶಾ ಕಾರವಾರದ ತುಳಸಿದಾಸನಿಗೆ ಫೋನು ಮಾಡಿದಳು. ಈ ಕಂಪ್ಯೂಟರನ್ನು ಅವಳಿಗೆ ಮಾರಿದವನು, ರಿಪೇರಿಗೂ ಅವನೇ. ಅವನು ಮೊದಲು ಕೇಳಿದ್ದು ನೀರು ಗೀರು ಬಿದ್ದಿದೆಯೋ ಎಂದು. ತೀರ್ಥ ಬಿದ್ದಿದೆ ಎಂದಳು ನಿಶಾ. ಎಷ್ಟು ಎಂದ. ಮೂರು ಸಲ ಎಂದಳು. ದೇವರದ್ದಾದರೂ ನೀರು ನೀರೇ, ಕೀಬೋರ್ಡು ಹೋಯಿತು ಎಂದು ತೀರ್ಪು ಕೊಟ್ಟು, ಹೊಸದೊಂದನ್ನು ಹನ್ನೆರಡರ ಬಸ್ಸಿಗೆ ಕಂಡಕ್ಟರನ ಕೈಯಲ್ಲಿ ಕಳಿಸುವೆನೆಂದ. ಕಾರವಾರದಿಂದ ಅಂಕೋಲೆಗೆ ಔಷಧಿ, ಜಾತಕ, ಮರೆತು ಬಿಟ್ಟುಬಂದ ಕನ್ನಡಕ ಎಲ್ಲ ಬರುವುದು ಹಾಗೆಯೇ.

ಒಂದೂಕಾಲಿಗೆ ಬಸ್ಸು ಬಂತು. ಕಂಡಕ್ಟರ್ ಕೀಬೋರ್ಡನ್ನು ನುಗ್ಗೆಕಾಯಿಯ ಕಟ್ಟಿನ ಜೊತೆ ಬಿಗಿದುಕೊಂಡು ಬಂದಿದ್ದ. ಬಿಡಿಸಿಕೊಂಡು ಓಡಿದ ನಿಶಾ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಿ, ಟಕಟಕನೆ ಹೊಡೆದಳು.

ಏನೂ ಬರಲಿಲ್ಲ.

ಮತ್ತೆ ತುಳಸಿದಾಸನಿಗೆ ಫೋನು ಮಾಡಿದಳು. ಹಾಗಾದರೆ ರೋಗ ಒಳಗಿನದು, ಎಲ್ಲ ಅಳಿಸಿ ಹೊಸದಾಗಿ ತುಂಬಬೇಕು, ನಾಳೆ ತಾನೇ ಬರುತ್ತೇನೆ ಎಂದ. ನಾಳೆ ಎಂಬುದು ಕಾಶಿಗೆ ಐದು ವರ್ಷ ದೂರ ಇತ್ತು.

ಬಸ್‌ಸ್ಟ್ಯಾಂಡಿನ ಗೇಟಿನ ಹತ್ತಿರ ಇಂಥದ್ದೇ ಇನ್ನೊಂದು, ರೋಷನ್ ಎಂಬವನ ಅಂಗಡಿ ತೆರೆದಿತ್ತು. ಆದರೆ ಅದೇ ಅರ್ಜಿಗೆಂದು ಅಲ್ಲಿ ಮೀನುಗಾರ ಹೆಂಗಸರ ಸಾಲು ರಸ್ತೆಗೆ ಬಂದಿದೆಯೆಂದು ಕಾಶಿ ಬರುವಾಗಲೇ ನೋಡಿದ್ದಳು. ಹೋಗಿ ಆ ಸಾಲಿನ ಬಾಲಕ್ಕೆ ನಿಲ್ಲುವುದೋ, ಇಲ್ಲೇ ಕಾಯುವುದೋ ಎಂದು ಅವಳು ಚೀಲವನ್ನು ಒಮ್ಮೆ ಎತ್ತಿದಳು, ಒಮ್ಮೆ ಇಳಿಸಿದಳು. ಇಂಥ ಇಕ್ಕಟ್ಟಿನಲ್ಲಿ ಆ ಕಡೆಯವರು ಮಾಡುವುದು ಒಂದೇ, ಪ್ರಸಾದ ಕೇಳುವುದು. ದೇವರ ಮೂರ್ತಿಯ ಎರಡೂ ಬದಿಗೆ ಒದ್ದೆ ಎಸಳು ಅಂಟಿಸಿ ಪ್ರಶ್ನೆ ಇಡುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ದೇವಸ್ಥಾನದ ಬಾಗಿಲು ಸಂಜೆಗೇ ತೆರೆಯುವುದು. ಅಜ್ಜಿ ಕಂಪ್ಯೂಟರಿನ ಕಡೆ ನೋಡಿದಳು.

"ನಿನ್ನೆಯಷ್ಟೇ ಪೂಜೆ ಆಗ್ಯದೆ. ಒಳಗೆ ಸ್ವಲ್ಪನಾರೂ ದೇವ್ರು ಇರ್ತದೆ," ಎಂದಳು.

ಒಣಗಿದ ಹಾರದಿಂದ ಎರಡು ದಾಸವಾಳದ ಎಸಳು ಕಿತ್ತು ನೀರಲ್ಲದ್ದಿ ಪರದೆಯ ಎರಡು ಮೇಲ್ಮೂಲೆಗೆ ಅಂಟಿಸಲಾಯಿತು. ರೋಷನನ ಅಂಗಡಿಗೆ ಹೋಗುವುದೋ ಎಂಬುದು ಪ್ರಶ್ನೆ. ಕೂಡಲೇ ತಕರಾರು ಎದ್ದಿತು. ಬಲ ಎಂದರೆ ನಮ್ಮ ಬಲವೋ, ಕಂಪ್ಯೂಟರಿನ ಬಲವೋ. ದೇವರಿಗಾದರೆ ದೇವರ ಬಲ, ಅದರಲ್ಲಿ ಅನುಮಾನವಿಲ್ಲ. ಕಂಪ್ಯೂಟರಿಗೆ ಮುಖ ಯಾವ ಕಡೆ ಎಂದು ಕಾಶಿ, ನೋಡುವ ಕಡೆಯೇ ಮುಖ ಎಂದು ಅಜ್ಜಿ. ಇದು ಮುಗಿಯುವುದರೊಳಗೆ ಫ್ಯಾನಿನ ಗಾಳಿಗೆ ಎರಡೂ ಎಸಳು ಒಟ್ಟಿಗೇ ಹಾರಿ ಝೆರಾಕ್ಸ್ ಮೆಷಿನ್ನಿನ ಹಿಂದೆ ಹೋದವು. ಫ್ಯಾನು ನಿಲ್ಲಿಸಿ ಮತ್ತೆ ಅಂಟಿಸಿದರು. ಸೆಕೆಗೆ ಬೆವರುತ್ತ ಮೂವರೂ ರೆಪ್ಪೆ ಬಡಿಯದೆ ಕಾದರು. ಕಂಪ್ಯೂಟರಿನ ಎಡದ ಎಸಳು ಮೆಲ್ಲಗೆ ಜಾರಿ ಮೇಜಿಗೆ ಬಿತ್ತು.

"ಬೇಡ ಅಂತು," ಎಂದು ಕಾಶಿ ಚೀಲ ಕೆಳಗಿಟ್ಟಳು. "ಇಲ್ಲೇ ಆಗ್ಬೇಕು ಹಾಂಗಾರೆ."

ಗಂಟೆ ಮೂರಾಗಿತ್ತು. ಕೊಟ್ಟ ಮಾತಿನ ಭಾರಕ್ಕೆ ನಿಶಾ ಕುಗ್ಗಿ ಕೂತಿದ್ದಳು. ಹುಣಸೆಮರದ ಎಲೆ ಎಷ್ಟು ಸಣ್ಣದಿರುತ್ತದೆ, ತಾನೇ ಮರವಾದ ಮೇಲೆ ತನ್ನ ಕನ್ನಡಕ ಎಲ್ಲಿ ಹಾಕುವುದು ಎಂದೆಲ್ಲ ಅವಳಿಗೆ ಯೋಚನೆ ಬರುತ್ತಿತ್ತು. ಕಾಶಿ ಸುಮ್ಮನೆ ಕೂರುವವಳಲ್ಲ. ಎದುರಿಗೆ ಏನಿದ್ದರೂ ಅವಳ ಹೆಬ್ಬೆರಳು ಅದನ್ನು ಒತ್ತಿ ನೋಡುತ್ತದೆ. ಬಂಗಡೆ ಮೀನನ್ನು ಒತ್ತಿ, ಒಂದು ಕ್ಷಣ ತಡೆದು, ಬಿಟ್ಟಾಗ ಗುಳಿ ಉಳಿಯಿತೋ ಮಾಯವಾಯಿತೋ ನೋಡಿ ತಾಜಾತನ ಹೇಳುವ ಬೆರಳು ಅದು. ಆ ಬೆರಳು ಕೀಬೋರ್ಡಿನ ಒಂದು ಗುಂಡಿಯ ಮೇಲೆ ಕೂತಿತು. ಒತ್ತಿತು. ತಡೆಯಿತು.

ಪರದೆಯ ಮೇಲೆ ಒಂದು ಕೆ ಅಕ್ಷರ ಮೂಡಿತು.

ನಿಶಾ ಎದ್ದು ನಿಂತಳು. "ಕಾಶಕ್ಕ, ಏನ್ ಮಾಡ್ದೆ ನೀನು?"

"ನಾ ಎಂತದೂ ಮಾಡ್ಲಿಲ್ಲ, ತಂಗಿ," ಎಂದು ಕಾಶಿ ಕೈ ಹಿಂದೆ ತೆಗೆದಳು. "ಮೆತ್ತಗದ್ಯೋ ನೋಡ್ದೆ, ಅಷ್ಟೇ."

ನಿಶಾ ಅವಳಿಂದ ಪಕ್ಕದ ಗುಂಡಿ ಒತ್ತಿಸಿದಳು. ಬಂತು. ಇನ್ನೊಂದು ಒತ್ತಿಸಿದಳು. ಅದೂ ಬಂತು. ನಿಶಾ ಟಕ್ಕೆಂದು ಹೊಡೆದರೆ ಇಲ್ಲ, ಕಾಶಿ ಮೀನು ಒತ್ತಿದ ಹಾಗೆ ಒತ್ತಿದರೆ ಉಂಟು. ಮೀನುಗಾರ್ತಿಯ ಕೈಗೆ ಮಾತ್ರ ಬಾಯಿ ಬಿಡುವ ರಾಜಕುಮಾರ ಎಂದು ನಿಶಾ ಬೆರಗಾಗಿ, ಆಮೇಲೆ ತಾನೂ ಹೆಬ್ಬೆರಳಿಟ್ಟು ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದಳು. ಅಕ್ಷರ ಬಂತು. ರಾಜಕುಮಾರನೂ ಅಲ್ಲ, ಶಾಪವೂ ಅಲ್ಲ, ಹೊತ್ತಿನ ಲೆಕ್ಕ. ಮತ್ತೆ ಫೋನು ಹಚ್ಚಿದಳು.

ಒತ್ತಿ ಹಿಡಿದರೆ ಮಾತ್ರ ಬರುತ್ತದೆ ಎಂದು ಕೇಳಿದ್ದೇ ತುಳಸಿದಾಸ ಹಣೆ ಚಚ್ಚಿಕೊಂಡ ಸದ್ದು ಫೋನಿನಲ್ಲಿ ಕೇಳಿಸಿತು.

"ಅಗೋ ಬಾಯ, ತಂಗಿ, ಅದು ಫಿಲ್ಟರ್ ಕೀಸ್. ಕೈ ನಡುಗೋರಿಗೆ, ತಪ್ಪಿ ತಾಗಿದ್ದೆಲ್ಲ ಬೀಳ್ಬಾರ್ದು ಅಂತ ಮಾಡಿ ಇಟ್ಟದ್ದು. ಬಲಗಡೆ ಶಿಫ್ಟ್ ಎಂಟು ಸೆಕೆಂಡು ಹಿಡಿದ್ರೆ ಹಾಕ್ಲೋ ಅಂತ ಅದೇ ಕೇಳ್ತದೆ. ಯಾರು ಹಿಡಿದದ್ದು?"

ನಿಶಾ ಹೇಳಿದಳು. "ತೆಂಗಿನಕಾಯಿ."

ತುಳಸಿದಾಸ ಬಹಳ ಮೆತ್ತಗೆ ಕೇಳಿದ. "ಯೆಸ್ ಒತ್ತಿದ್ದೂ ಕಾಯಿಯೇ?"

"ಅದು ನಾನು, ದಾಸಣ್ಣ."

ಅವನು ನಗುವುದು ಮುಗಿಸಲು ತೆಗೆದುಕೊಂಡ ಹೊತ್ತಿನಲ್ಲಿ ಅರ್ಧ ಅರ್ಜಿ ತುಂಬಬಹುದಿತ್ತು. ಅಷ್ಟರಲ್ಲಿ ಅಜ್ಜಿ ಪಕ್ಷ ಬದಲಾಯಿಸಿದ್ದಳು. ಕೈ ನಡುಗುವವರಿಗೆ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ತನ್ನ ಬೆರಳು ಟಿವಿಯ ರಿಮೋಟಿನಲ್ಲಿ ಒಂದಕ್ಕೆ ಮೂರು ಚಾನೆಲ್ ಹಾರುತ್ತದೆ, ಅದಕ್ಕೆ ಇಂಥದ್ದೊಂದು ಬುದ್ಧಿ ಯಾರೂ ಇಡಲಿಲ್ಲ, ಇದು ಪಾಪ ಮುದುಕರಿಗಾಗಿ ತಾಳ್ಮೆಯಿಂದ ಕಾಯುತ್ತಿದ್ದರೆ ನೀವೆಲ್ಲ ಸೇರಿ ಮೆಣಸಿನ ಹೊಗೆ ಹಾಕಿದಿರಿ ಎಂದು ಬೈದಳು. ಹೊಗೆ ಹಾಕಿದ್ದು ಯಾರು ಎಂದು ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ತುಳಸಿದಾಸ ಹೇಳುತ್ತ ಹೋದ, ನಿಶಾ ಮೌಸು ಹಿಡಿದು ಹುಡುಕುತ್ತ ಹೋದಳು. ಸೆಟ್ಟಿಂಗ್ಸ್. ಅದರೊಳಗೆ ಆಕ್ಸೆಸಿಬಿಲಿಟಿ ಎಂಬ ಕೋಣೆ. ಕೋಣೆಯೊಳಗೆ ಕೀಬೋರ್ಡ್ ಎಂಬ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಫಿಲ್ಟರ್ ಕೀಸ್, ಅದರ ಪಕ್ಕಕ್ಕೆ ನೀಲಿ ಬಣ್ಣ ಬಳಿದುಕೊಂಡು ಕೂತ ಒಂದು ಗುಂಡಿ. ಏಳು ಬಾಗಿಲು ದಾಟಿ ಗಿಳಿಯ ಪಂಜರದ ಮುಂದೆ ನಿಂತಂತಾಯಿತು ನಿಶಾಗೆ. ಅದನ್ನು ಒತ್ತಿದಳು. ನೀಲಿ ಹೋಗಿ ಗುಂಡಿ ಬಿಳಿಚಿಕೊಂಡಿತು. ಒಳಗೆ ಶಾರ್ಟ್‌ಕಟ್ಟಿನದೆಂದು ಇನ್ನೊಂದು ಗುಂಡಿ ಇದೆ, ಅದನ್ನೂ ಆಫ್ ಮಾಡು, ಇಲ್ಲದಿದ್ದರೆ ದೀಪಾವಳಿಯ ಪೂಜೆಗೆ ಮತ್ತೆ ಇದೇ ಹಾಡು ಎಂದು ತುಳಸಿದಾಸ ಎಚ್ಚರಿಸಿದ. ಅದನ್ನೂ ಆರಿಸಿದಳು.

ಗಂಟೆ ನಾಲ್ಕು ಹತ್ತು. ಟಕಟಕನೆ ಹೊಡೆದಳು. ಅಕ್ಷರಗಳು ತಾರ್ಲೆ ಮೀನಿನ ಹಿಂಡಿನಂತೆ ಬಂದು ಬಿದ್ದವು. ಹೆಸರು ಕಾಶಿ. ಗಂಡನ ಹೆಸರು ರಾಮಾ. ಊರು ಹಾರವಾಡ. ಎಷ್ಟು ವರ್ಷದಿಂದ ವ್ಯಾಪಾರ ಎಂಬಲ್ಲಿ ಇಪ್ಪತ್ತೆರಡು. ಯಾವ ಸಾಲಿನ ಕಟ್ಟೆ ಬೇಕು ಎಂದು ಪುಟ ಕೇಳಿತು. ನಿಶಾ ಈ ಸಲ ಪ್ರಶ್ನೆಯನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದಳು. ಕಾಶಿ ಕಣ್ಣು ಮುಚ್ಚಿ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿ ಬಂದಳು.

"ಬಾಗ್ಲ ಹತ್ರದ್ದು ಬೇಡ, ಬರೋರೆಲ್ಲ ದರ ಕೇಳಿ ಮುಂದೆ ಹೋತ್ರು. ಒಳಗೆ ಬೇಡ, ಅಲ್ಲಿವರೆಗೆ ಯಾರೂ ಬರೂದಿಲ್ಲ. ನಡುವಿನ ಸಾಲು ಬರಿ."

ಆಧಾರ್ ಕಾರ್ಡು ಏರಿತು, ಫೋಟೋ ಏರಿತು. ಫೋಟೋದಲ್ಲಿ ಕಾಶಿ ಯಾರಿಗೋ ಬೈಯಲು ಹೊರಟವಳಂತೆ ಕಾಣುತ್ತಿದ್ದಳು, ಇರಲಿ ಎಂದಳು. ನಾಲ್ಕು ನಲವತ್ತಕ್ಕೆ ನಿಶಾ ಸಬ್ಮಿಟ್ ಒತ್ತಿದಳು. ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಅಜ್ಜಿ ಸೆರಗಿನ ತುದಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ನಾಲ್ಕು ಐವತ್ತೆರಡಕ್ಕೆ ಚಕ್ರ ನಿಂತು, ಪರದೆಯ ಮೇಲೆ ಹದಿಮೂರು ಅಂಕೆಗಳ ಅರ್ಜಿ ಸಂಖ್ಯೆ ಬಂತು. ಪ್ರಿಂಟರು ಕುಂಕುಮದ ಬೊಟ್ಟಿನೊಡನೆ ಗರಗರ ಎಂದು ಒಂದು ಹಾಳೆ ಹೊರಗೆ ತಳ್ಳಿತು. ನಿಶಾ ಬಿಸಿ ಆರದ ಆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಾಶಿಯ ಕೈಗೆ ಕೊಟ್ಟಳು.