ದಿಂಬಿನ ಕೆಳಗಿನ ಮಾತ್ರೆಗಳು

ಹೆಣ್ಣೊಬ್ಬಳ ಹೊಟ್ಟೆಯ ಸಂಕಟ ಹೇಳಲು ಹೊರಟಿದ್ದೇನೆ. ಅಧಿಕಪ್ರಸಂಗ ಅನ್ನಿಸಿದರೆ ಕ್ಷಮಿಸಬೇಕು. ಎಲ್ಲಾದರೂ ತಪ್ಪಿದರೆ ಆ ತಪ್ಪು ನನ್ನದು, ಅವಳದಲ್ಲ.

ಅವಳು ಬಟ್ಟೆ ಹೊಲಿಯುವವಳು, ಗಂಡ ಬಡಗಿ. ಮದುವೆಯಾದ ಆರನೆಯ ವರ್ಷಕ್ಕೆ ಬಂದ ಬಸಿರು ಗರ್ಭಕೋಶ ತಲುಪದೆ ನಾಳದಲ್ಲೇ ನಿಂತುಬಿಟ್ಟಿತ್ತು. ಡಾಕ್ಟರು ಆಪರೇಷನ್ ಮಾಡಿ ನಾಳದ ಸಮೇತ ತೆಗೆದರು. ಮನೆಗೆ ಬಂದು ಮೂರು ದಿನ. ಎದ್ದರೆ ಹೊಲಿಗೆ ಜಗ್ಗುತ್ತಿತ್ತು, ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಲ ಹೆಗಲು ನೋಯುತ್ತಿತ್ತು.

“ಕೊಯ್ದಿದ್ದು ಹೊಟ್ಟೆ, ನೋಯೋದು ಹೆಗಲು! ಇದ್ಯಾವ ಸೀಮೆ ನ್ಯಾಯನಮ್ಮಾ?” ಅತ್ತೆ ಬಿಸಿನೀರಿನ ಚೀಲ ಒತ್ತುತ್ತಾ ಗೊಣಗಿದರು.

“ಹೊಟ್ಟೆಗೆ ಗಾಳಿ ತುಂಬಿ ಆಪರೇಷನ್ ಮಾಡ್ತಾರಂತೆ ಅತ್ತೆ. ಅದರಿಂದ ಹೆಗಲು ಹಿಡ್ಕೊಳ್ಳುತ್ತಂತೆ.”

“ಹಂಗಾದ್ರೆ ನಿನ್ ಗಂಡನಿಗೆ ಹುಟ್ಟಿದಾಗ್ಲೇ ಯಾರೋ ತಲೆಗೆ ಗಾಳಿ ತುಂಬಿದಾರೆ, ಬಿಡು.”

ಅತ್ತೆ ಕೊಟ್ಟ ನೋವಿನ ಮಾತ್ರೆಯನ್ನು ಅವಳು ಬಾಯಿಗೆ ಹಾಕಿಕೊಂಡಂತೆ ಮಾಡಿದಳು. ಅವರು ಅತ್ತ ಹೋದದ್ದೇ ತಡ, ಮಾತ್ರೆ ದಿಂಬಿನ ಕೆಳಗೆ ಸೇರಿತು. ಮೂರು ದಿನದಿಂದ ನಡೆದದ್ದೂ ಇದೇ.

ಮಧ್ಯಾಹ್ನ ಗಂಡ ಮಂಚದ ಕಾಲುಗಳಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಹೆಂಡತಿ ಬಗ್ಗಿ ಏಳುವಂತಾಗಬಾರದು ಎಂಬುದು ಅವನ ಆಸೆ. ಹಿಡಿದು ಕೂರಿಸಿದರೆ ಅವಳ ಕಾಲು ನೆಲಕ್ಕೆ ಎಟುಕಲಿಲ್ಲ.

“ರೀ, ಇಳಿಯೋಕೆ ಒಂದು ಏಣೀನೂ ಮಾಡ್ಕೊಡಿ.”

“ಅಳತೆ ಸರಿಯಾಗೇ ತಗೊಂಡೆನಲ್ಲೇ!”

“ಯಾರ ಮಂಡಿದು?”

ಅವನು ಬಗ್ಗಿ ತನ್ನ ಉದ್ದನೆಯ ಕಾಲು ನೋಡಿಕೊಂಡ. ಅವಳಿಗೆ ನಗು ಉಕ್ಕಿಬಂತು. ನಕ್ಕಿದ್ದೇ ಹೊಲಿಗೆ ಚುರುಕ್ಕೆಂದಿತು. “ದಿಂಬು, ದಿಂಬು!” ನಗುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲು ನರ್ಸ್ ಹೇಳಿದ್ದಳು. ಅವನು ಎಳೆದುಕೊಟ್ಟ. ಹಾಸಿಗೆಯ ಮೇಲೆ ಏಳೆಂಟು ಬಿಳಿ ಮಾತ್ರೆ ಕಂಡವು.

“ತಗೊಂಡೆ ಅಂದೆಯಲ್ಲೇ?”

ಅವಳು ದಿಂಬನ್ನು ಅವುಚಿಕೊಂಡಳು. “ನೋವೂ ಹೋಗ್ಬಿಟ್ರೆ, ಅದು ಇತ್ತು ಅನ್ನೋದಕ್ಕೆ ಏನ್ರೀ ಉಳಿಯುತ್ತೆ? ಮುಖ ನೋಡಿಲ್ಲ, ಹೆಸರಿಟ್ಟಿಲ್ಲ. ನಂಗಿರೋದು ಇದೊಂದೇ.”

ಅವನು ನೆಲದ ಮೇಲೆ ಕುಕ್ಕರಿಸಿದ. ಉಗುರಿನ ಸಂದಿಯ ಮರದ ಹೊಟ್ಟನ್ನು ಬಹಳ ಹೊತ್ತು ಕೆರೆಯುತ್ತಿದ್ದ.

“ನಂಗೆ ಹೊಟ್ಟೇಲಿ ಹೊಲಿಗೆ ಇಲ್ಲ ಕಣೇ. ಮೈಯಲ್ಲಿ ಎಲ್ಲೂ ನೋಯ್ತಿಲ್ಲ. ಹಾಗಂತ ನಂಗೆ ಅದು ಇರ್ಲೇ ಇಲ್ವಾ?”

ಇದು ಅವಳಿಗೆ ಹೊಳೆದೇ ಇರಲಿಲ್ಲ. ಮೂರು ದಿನದಿಂದ ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ಈಗ ನೋಡಿದಳು. ಆಮೇಲೆ ಅಂಗೈ ಚಾಚಿದಳು. ಅವನು ಒಂದು ಮಾತ್ರೆ ಇಟ್ಟು ನೀರು ತಂದ.

ನುಂಗಿದ ಮೇಲೂ ಅವಳಿಗೆ ಹೆದರಿಕೆಯೇ. ಹೆಗಲು ಮೆಲ್ಲಗೆ ಹಗುರಾಯಿತು, ಹೊಲಿಗೆಯ ಉರಿ ತಗ್ಗಿತು.

“ಹೆಂಗಿದೆ?”

“ನೋವು ಕಮ್ಮಿ ಆಯ್ತು,” ಅಂದಳು. ಹೊಟ್ಟೆಯ ಮೇಲೆ ಕೈಯಿಟ್ಟು, “ಅದು ಹೋಗಿಲ್ಲ, ರೀ.”

ಅವನು ಅವಳ ಕೈ ಹಿಡಿದುಕೊಂಡ.

ಮತ್ತೆ ಬಸಿರು ನಿಲ್ಲುತ್ತದೆಯೇ ಎಂಬುದನ್ನು ಡಾಕ್ಟರೂ ಹೇಳಿರಲಿಲ್ಲ. ಮುಂದಿನ ಮಾತ್ರೆಯನ್ನು ಅವಳು ಇಷ್ಟೇ ಧೈರ್ಯದಿಂದ ನುಂಗಿದಳೇ? ಅದು ನನಗೂ ಗೊತ್ತಿಲ್ಲ.