ಫ್ರೀಜರಿನಲ್ಲಿಟ್ಟ ಇಂಜೆಕ್ಷನ್

ಒಂದು ಇಂಜೆಕ್ಷನ್ನಿನ ಬೆಲೆ ಮುನ್ನೂರು ಜೊತೆ ಹುಬ್ಬು. ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಸೊಸೆ ಹಾಗೆಯೇ ಲೆಕ್ಕ ಹಾಕುತ್ತಿದ್ದಳು. ಹಣದಲ್ಲಿ ಹಾಕಿದರೆ ಎದೆ ಧಸಕ್ಕೆನ್ನುತ್ತಿತ್ತು. ಮೊದಲನೆಯದಕ್ಕೆ ಗಂಡನ ಬೈಕು ಹೋಯಿತು, ಎರಡನೆಯದಕ್ಕೆ ಅವಳ ಓಲೆ.

ಹುಬ್ಬು ತೀಡುವಾಗ ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದೆಲ್ಲ ಬೆರಳಲ್ಲಿ. ಬೆರಳು ಊದಿ ಮಡಚಲಾಗದಾದಾಗ ದಾರ ಕೂದಲು ಬಿಟ್ಟು ಚರ್ಮ ಹಿಡಿಯತೊಡಗಿತು. ಗಿರಾಕಿಗಳು ಎದುರಿನ ಪಾರ್ಲರಿಗೆ ದಾಟಿಕೊಂಡರು.

"ಸೋಂಕಿನ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳೇ ನಿಮ್ಮ ಕೀಲಿನ ಒಳಪೊರೆ ಮೇಲೆ ಬಿದ್ದಿವೆಯಮ್ಮ," ಎಂದಿದ್ದರು ಡಾಕ್ಟರು. "ಊತ ಅವುಗಳದ್ದೇ ಕೆಲಸ. ಹೀಗೇ ಬಿಟ್ರೆ ಮೂಳೆನೂ ಸವೆಯುತ್ತೆ. ಈ ಮದ್ದು ಅವುಗಳ ಆರ್ಭಟ ಇಳಿಸುತ್ತೆ. ತಪ್ಪಿಸಬೇಡಿ."

"ನಮ್ಮೋರೇ ನಮಗೆ ಹೊಡೀತಾರೆ ಅನ್ನಿ," ಎಂದರು ಜೊತೆಗೆ ಬಂದಿದ್ದ ಅತ್ತೆ. "ಅದು ಎಲ್ಲಾ ಮನೇಲೂ ಇದ್ದದ್ದೇ."

ಮೊದಲನೆಯದು ಫಲ ಕೊಟ್ಟಿತು. ಒಂದು ಬೆಳಿಗ್ಗೆ ಸೊಸೆ ಎಣ್ಣೆ ಬಾಟಲಿಯ ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದಳು. ಅತ್ತೆ ಅದನ್ನು ಬೀದಿಗೆಲ್ಲ ಸಾರಿದರು.

ಎರಡನೆಯದನ್ನು ಚುಚ್ಚಿಕೊಳ್ಳುವ ದಿನ ಫ್ರಿಜ್ ತೆರೆದರೆ ಅದು ಇಟ್ಟಲ್ಲಿ ಇರಲಿಲ್ಲ. ಮೇಲಿನ ಫ್ರೀಜರಿನಲ್ಲಿ, ಕಲ್ಲಿನಂತೆ ಗಟ್ಟಿಯಾಗಿ ಬಿದ್ದಿತ್ತು.

"ಯಾರು ಇಲ್ಲಿಟ್ಟಿದ್ದು?"

"ನಾನೇ ಕಣೇ. ನಿನ್ನೆಯಿಂದ ಕರೆಂಟ್ ಹೋಗಿ ಬಂದು ಮಾಡ್ತಿತ್ತು. ಚೆನ್ನಾಗಿ ತಣ್ಣಗಿರ್ಲಿ ಅಂತ…"

ಸೊಸೆ ಅದನ್ನು ಅತ್ತೆಯ ಕೈಗೆ ಹಾಕಿದಳು. ಔಷಧಿ ಅಂಗಡಿಗೆ ಫೋನ್ ಮಾಡಿದ್ದು ಗಂಡ.

"ಹೆಪ್ಪುಗಟ್ಟಿದ್ದು ಕರಗಿದ್ರೂ ಪ್ರಯೋಜನಕ್ಕೆ ಬರಲ್ಲ ಸಾರ್. ಚುಚ್ಚಬೇಡಿ. ಬದಲಿಗೆ ಬೇರೆ ಕೊಡೋಕೂ ಆಗಲ್ಲ."

ಅಷ್ಟರಲ್ಲಿ ಅತ್ತೆ ಅದನ್ನು ಅಂಗೈಗಳ ನಡುವೆ ಇಟ್ಟುಕೊಂಡು ಊದುತ್ತಿದ್ದರು. "ನೋಡೇ, ತಿಳಿಯಾಗಿದೆ! ಮೊದ್ಲು ನನಗೆ ಚುಚ್ಚು. ನಾನು ಸಾಯದಿದ್ರೆ ನೀನು ತಗೋ."

"ನೀವು ಸಾಯಲ್ಲ ಅತ್ತೆ. ನನ್ನ ಕೈ ಸಾಯುತ್ತೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಸೊಸೆ ಇಂಜೆಕ್ಷನ್ನನ್ನು ಅವರ ಕೈಯಿಂದ ಬಿಡಿಸಿಕೊಂಡು ಕಸಕ್ಕೆ ಹಾಕಿದಳು.

ಮಾರಲು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಗಂಡ ಸಾಲಕ್ಕೆ ತಟ್ಟದ ಬಾಗಿಲಿರಲಿಲ್ಲ. ಅವನು ಹಣ ಹೊಂದಿಸಿ ಮದ್ದು ಮತ್ತೆ ಶುರುವಾಗುವಷ್ಟರಲ್ಲಿ ಇಡೀ ಮಳೆಗಾಲ ಕಳೆದಿತ್ತು. ಊತ ಇಳಿಯಿತು, ನೋವೂ ಇಳಿಯಿತು. ಆದರೆ ಬಲಗೈಯ ತೋರುಬೆರಳು ಸೊಟ್ಟಗೆ ನಿಂತುಬಿಟ್ಟಿತು. ಒಳಗೆ ಮೂಳೆ ಸವೆದಿದೆ, ಇನ್ನು ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು. ಅವಳು ಪಾರ್ಲರ್ ಮುಚ್ಚಿದಳು.